ಹಳೇ ಫೋನಿನ ಹೆಸರು

ಹೊಸೂರಿನ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ಕೋಣೆಯ ಹೊರಗೆ ಕೂತಿದ್ದೆ. ಪಕ್ಕದ ಬೆಂಚಿನಲ್ಲಿ ಗಂಡ ಹೆಂಡತಿ ಇದ್ದರು. ಅವನು ಕಾರ್ಖಾನೆಯ ಯೂನಿಫಾರಂನಲ್ಲೇ ಬಂದಿದ್ದ. ಅವಳ ತುಟಿ ಒಡೆದಿತ್ತು.

“ಡಾಕ್ಟ್ರು ಕೇಳಿದ್ರೆ, ಮಗಳು ಬಾತ್ರೂಮಲ್ಲಿ ಜಾರಿಬಿದ್ಲು ಅನ್ನು.”

“ಕೈ ಮುರಿದೋರು ನೀವು. ನೀವೇ ಹೇಳ್ಕಳಿ.”

“ಇನ್ನೇನ್ ಮಾಡ್ಲಿ ಕಣೇ? ಕೊಳಕು ಸೈಟೆಲ್ಲಾ ಬ್ಲಾಕ್ ಆಗ್ಲಿ ಅಂತ ಮನೆ ವೈಫೈ ರೂಟರಲ್ಲಿ ಡಿಎನ್‌ಎಸ್ ಅನ್ನೋ ಸೆಟ್ಟಿಂಗ್ ಬದಲಾಯಿಸ್ದೆ. ಯಾವ ಫೋನು ಏನ್ ಹುಡುಕ್ತು ಅಂತ ಪಟ್ಟಿ ಬತ್ತದೆ. ಒಂದೇ ದಿನಕ್ಕೆ ನಲವತ್ತು ಸಲ ಕೊಳಕು ಸೈಟು, ಎಲ್ಲಾ ಮಗಳ ಹೆಸ್ರಲ್ಲೇ, ‘ಭೂಮಿಕಾ ಫೋನ್’ ಅಂತ!”

“ಅವ್ಳಿಗೆ ಹೊಸ ಫೋನ್ ತಂದಾಗ ಹಳೇದನ್ನ ಯಾರಿಗೆ ಕೊಟ್ರಿ?”

“ನಮ್ಮಪ್ಪಂಗೆ.”

“ಅದ್ರಲ್ಲಿ ಹೆಸ್ರು ಬದಲಾಯಿಸಿದ್ರಾ?”

ಅವನು ತನ್ನ ಫೋನ್ ತೆಗೆದು ಆ ಪಟ್ಟಿಯನ್ನು ಮತ್ತೆ ನೋಡಿದ.

“ಅದನ್ನೇ ಹೇಳೋಕ್ ಬಂದೆ. ಬಾಯ್ ಮೇಲೆ ಗುದ್ದಿದ್ರಿ.”

ಅವನು ಬೆಂಚನ್ನು ಒದ್ದು ಎದ್ದ.

“ಆ ಮುದುಕನ್ನ ಇವತ್ತು ಕೊಂದೇ ಹಾಕ್ತೀನಿ.”

ಅಷ್ಟರಲ್ಲಿ ಬಾಗಿಲು ತೆರೆದು ಹದಿನೈದರ ಹುಡುಗಿಯೊಬ್ಬಳು ಹೊರಬಂದಳು. ಎಡಗೈಯನ್ನು ಬಟ್ಟೆಯಲ್ಲಿ ಕೊರಳಿಗೆ ಕಟ್ಟಿದ್ದರು.

“ಅಪ್ಪಾ, ತಾತನ್ನ ಹೊಡೀಬ್ಯಾಡ.”

“ನಿಂಗ್ ಗೊತ್ತಿತ್ತೇನಮ್ಮಾ? ಮತ್ಯಾಕೆ ಬಾಯಿ ಬಿಡ್ಲಿಲ್ಲ?”

“ಹೇಳಿದ್ರೆ ನೀನು ತಾತನ್ನ ಹೊಡೀತಿದ್ದೆ. ತಾತನ ಮೂಳೆ ಮುರಿದ್ರೆ ಕೂಡ್ಕೊಳಲ್ಲ.”

ಅವನು ಅವಳ ತಲೆ ಸವರಲು ಕೈ ಎತ್ತಿದ. ಹುಡುಗಿ ಸರಕ್ಕನೆ ಬಲಗೈಯಿಂದ ಮುಖ ಮುಚ್ಚಿಕೊಂಡಳು.

ತಾಯಿ ಮಗಳ ಹೆಗಲು ಬಳಸಿ ಡಾಕ್ಟರ ಕೋಣೆಯ ಕಡೆ ನಡೆದಳು. ಅವನು ಎತ್ತಿದ ಕೈಯನ್ನು ಜೇಬಿಗೆ ತುರುಕಿಕೊಂಡು ಹಿಂದೆ ಹೋದ.