ಗಾಜಿನ ಮೆಟ್ಟಿಲ ಮೇಲೆ ಚೆಲ್ಲಿದ ನೀರು

ಹೆಸರು: ರಿಫ್ಕಿ ಅಕ್ದೆಮಿರ್. ವಯಸ್ಸು: 58. ಕೆಲಸ: ಹಳೆಯ ರೋಮನ್ ಪಟ್ಟಣದ ಸಿರಿವಂತರ ಮನೆಗಳ ಕಾವಲು. ವಾಸ: ಸೆಲ್ಚುಕ್, ಇಜ್ಮೀರ್ ಪ್ರಾಂತ್ಯ.

ತಾವು ಕರೆಸಿದ್ದರಿಂದ ಠಾಣೆಗೆ ಹಾಜರಾಗಿ, ಕಣ್ಣಾರೆ ಕಂಡದ್ದನ್ನು ಈ ಮೂಲಕ ತಿಳಿಸುವುದೇನೆಂದರೆ:

ಸದರಿ ಮನೆಗಳನ್ನು ದುರಸ್ತಿ ಮಾಡಿ, ಕಲ್ಲುಚಿತ್ರದ ನೆಲ ಸವೆಯದಂತೆ ಮೇಲೆ ಗಾಜಿನ ದಾರಿ, ಮೆಟ್ಟಿಲು ಹಾಕಿದ್ದಾರೆ. ನೋಡಲು ಬಂದವರು ಅದರ ಮೇಲೆಯೇ ನಡೆಯಬೇಕು. ಗಾಜು ಒರೆಸುವ ಕೆಲಸ ನಜ್ಮಿಯೆಯದು. ಗಂಡ ಸತ್ತಿದ್ದಾನೆ. ಇದ್ದವನು ಒಬ್ಬನೇ ಮಗ, ತಾಯ್ಲಾನ್; ನನ್ನನ್ನು ದೊಡ್ಡಪ್ಪ ಎಂದೇ ಕರೆಯುತ್ತಿದ್ದನು.

ನಿನ್ನೆ ಮಂಗಳವಾರ ಬೆಳಿಗ್ಗೆ ಸುಮಾರು 9.30ಕ್ಕೆ ತಾಯ್ಲಾನ್ ಬಂದನು. ಮಧ್ಯಾಹ್ನದ ಬಸ್ಸಿಗೆ ಸೈನ್ಯದ ಕಡ್ಡಾಯ ಸೇವೆಗೆ ಹೊರಡುವವನಿದ್ದನು. ತಾಯಿ ಒರೆಸುವ ಮನೆಗಳನ್ನು ಅವನು ಒಮ್ಮೆಯೂ ನೋಡಿರಲಿಲ್ಲ. ನಜ್ಮಿಯೆ ಸ್ವಂತ ಮನೆ ತೋರಿಸುವವಳ ಹಾಗೆ ಊಟದ ಕೋಣೆ, ಗೋಡೆಯ ಚಿತ್ರ, ಬಚ್ಚಲುಮನೆ ಎಲ್ಲ ತೋರಿಸಿದಳು. "ಇಷ್ಟೊಂದು ಕೋಣೆ ಐತಲ್ಲ, ಆಗ ನೆಲ ಒರೆಸ್ತಿದ್ದೋಳು ಎಲ್ಲಿ ಮಲಗ್ತಿದ್ಲಮ್ಮ?" ಎಂದು ಅವನು ಕೇಳಿದ್ದಕ್ಕೆ, "ಆ ಕೋಣೆ ಇನ್ನೂ ಅಗೆದಿಲ್ಲ ಕಣೋ" ಎಂದಳು. ಮೂವರೂ ನಕ್ಕೆವು.

ಹೊರಡುವಾಗ ಹಿರಿಯರಿಗೆ ಮಾಡುವ ಹಾಗೆ ಅವನು ತಾಯಿಯ ಕೈಗೆ ಮುತ್ತಿಟ್ಟು, ಹಣೆಗೆ ಒತ್ತಿಕೊಂಡು, ಮೆಟ್ಟಿಲಿಳಿದು ಹೋದನು. ದೂರ ಹೋಗುವವರು ಬೇಗ ತಿರುಗಿ ಬರಲೆಂದು ಬೆನ್ನ ಹಿಂದೆ ನೀರು ಚೆಲ್ಲುವುದು ನಮ್ಮೆಲ್ಲರ ಮನೆಯ ರೂಢಿ. ನಜ್ಮಿಯೆ ತನ್ನ ಬಾಟಲಿಯ ನೀರನ್ನು ಮೇಲಿನ ಮೆಟ್ಟಿಲುಗಳ ಮೇಲೆ ಚೆಲ್ಲಿದಳು. ನಮ್ಮ ಮನೆಗಳ ಅಂಗಳ ಮಣ್ಣಿನದು, ಹೀರಿಕೊಳ್ಳುತ್ತದೆ. ಇದು ಗಾಜು ಎಂಬುದು ಆ ಗಳಿಗೆಯಲ್ಲಿ ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಆಗ ನಾನು ಮೇಲಿನಿಂದ, "ಏನೋ ದೊರೆ, ದೊಡ್ಡಪ್ಪನ ಕೈ ಬೇಡವಾಯ್ತಾ? ಹಬ್ಬದಲ್ಲಾದ್ರೆ ಕೈಗೆ ಮುತ್ತಿಟ್ಟು ಕಾಸು ಇಸ್ಕೊಳ್ಳೋಕೆ ಓಡಿ ಬರ್ತಿದ್ದೆ" ಎಂದು ಕೂಗಿದೆನು. "ತಪ್ಪಾಯ್ತು ದೊಡ್ಡಪ್ಪ, ಬಂದೆ" ಎಂದು ಅವನು ಓಡಿ ಹತ್ತಿದನು. ಒದ್ದೆ ಗಾಜಿನಲ್ಲಿ ಕಾಲು ಜಾರಿ ಹಿಂದಕ್ಕೆ ಉರುಳಿ, ಆ ಕಾಲದ ಸಾಹುಕಾರರ ಮನೆಯ ಕಲ್ಲಿನ ಹೊಸ್ತಿಲಿಗೆ ತಲೆ ಬಡಿಯಿತು. ಆಂಬುಲೆನ್ಸ್ ಆಸ್ಪತ್ರೆ ಮುಟ್ಟುವ ಮೊದಲೇ ಪ್ರಾಣ ಹೋಯಿತು. ದಾರಿಯುದ್ದಕ್ಕೂ ನಜ್ಮಿಯೆ, "ಬೇಗ ಬಾ ಅಂತ ಚೆಲ್ಲಿದ್ದೆ, ಇಷ್ಟು ಬೇಗ ಅಲ್ಲ" ಎಂದಷ್ಟೇ ಹೇಳುತ್ತಿದ್ದಳು.

ಅವಳು ಗಾಜನ್ನು ಒಣಗಿಸದೆ ಬಿಟ್ಟಳೆಂದು ಅವಳನ್ನು ಕೆಲಸಕ್ಕಿಟ್ಟ ಗುತ್ತಿಗೆದಾರರು ಬರೆದುಕೊಟ್ಟಿರುವುದು ಸುಳ್ಳು. ಬಾಗಿಲು ತೆರೆಯುವ ಮೊದಲೇ ಅವಳು ಒರೆಸಿ ಒಣಗಿಸಿದ್ದನ್ನು ನಾನೇ ನೋಡಿದ್ದೇನೆ. ಮಗನನ್ನು ಮಣ್ಣು ಮಾಡಿ ಬಂದವಳ ಮೇಲೆ ದಯವಿಟ್ಟು ಕೇಸು ಹಾಕಬೇಡಿ. ನಾನು ಕೂಗದಿದ್ದರೆ ಅವನು ಬಸ್ಸು ಹತ್ತಿರುತ್ತಿದ್ದನು. ತಪ್ಪು ಯಾರದಾದರೂ ಆಗಲೇಬೇಕೆಂದಿದ್ದರೆ ನನ್ನದೆಂದು ಬರೆದುಕೊಳ್ಳಿ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ, ಎಲ್ಲವೂ ನಿಜ. ಅವನು ಮುತ್ತಿಡಲು ವಾಪಸು ಬಂದದ್ದು ಈ ಬಲಗೈಗೆ. ಇದೇ ಕೈಯಿಂದ ಸಹಿ ಮಾಡಿದ್ದೇನೆ.

ಸ್ಥಳ: ಸೆಲ್ಚುಕ್
ದಿನಾಂಕ: 16 ಅಕ್ಟೋಬರ್, ಬುಧವಾರ
(ಸಹಿ) ರಿಫ್ಕಿ ಅಕ್ದೆಮಿರ್