ಒಂದೇ ವಾರದಲ್ಲಿ ನೋವು ಮಾಯ

ನೋವಿನೆಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ಟೀಚರಮ್ಮನಿಗೆ ಚಿಕ್ಕಂದಿನಲ್ಲಿ ಅಜ್ಜಿಯ ಕಾಲು ಒತ್ತುತ್ತಿದ್ದುದು ನೆನಪಾಯಿತು. ಮಂಡಿ ಡಾಕ್ಟರ ಬಾಗಿಲಲ್ಲಿ ಸರದಿ ಕಾಯುತ್ತಿದ್ದ ಅವರ ಎದುರು ಬೆಂಚಿನಲ್ಲಿ ಆನ್‌ಲೈನಿನಲ್ಲಿ ಮಂಡಿಪಟ್ಟಿ ಮಾರುವವನೊಬ್ಬ ತಾಯಿಯನ್ನು ಪಕ್ಕಕ್ಕೆ ಕೂರಿಸಿಕೊಂಡು, ಅದರ ಬಗ್ಗೆ ಲೇಖನಕ್ಕಿಷ್ಟು ದುಡ್ಡು ಎಂದು ಬರೆದುಕೊಡುವ ಹುಡುಗಿಯೊಂದಿಗೆ ವಾದಕ್ಕಿಳಿದಿದ್ದ.

“ಒಂದೇ ವಾರದಲ್ಲಿ ನೋವು ಮಾಯ ಅಂತ ಬರೀಮ್ಮ. ನಿನ್ನ ಗಂಟೇನು ಹೋಗುತ್ತೆ?”

“ವಾರ ಪೂರ್ತಿ ನಮ್ಮಮ್ಮನಿಗೆ ಕಟ್ಟಿ ನೋಡ್ದೆ ಸಾರ್. ಕಾಲು ಬೆಚ್ಚಗಿರುತ್ತೆ. ಅಷ್ಟೇ ಬರೆದಿದೀನಿ.”

“ಬೆಚ್ಚಗಿರೋಕೆ ಕಂಬಳಿ ಸಾಲದಾ? ಇದನ್ನ ಯಾರು ಕೊಳ್ತಾರೆ?”

“ಚಳಿಯಾಗೋರು ಕೊಳ್ತಾರೆ.”

“ಹೇಳಿದ್ದನ್ನ ಹೇಳಿದ ಹಾಗೆ ಬರೆಯೋರು ಬೇಕಾದಷ್ಟು ಜನ ಇದಾರೆ. ವರ್ಷದ ಕೆಲಸ ಕೈತಪ್ಪುತ್ತೆ ನೋಡು.”

“ತಪ್ಪಲಿ ಬಿಡಿ. ಬರೆದಿದ್ದರ ದುಡ್ಡಿಗೆ ಬೆಳಿಗ್ಗೆಯಿಂದ ಬರೀ ಹೊಟ್ಟೇಲಿ ಕಾದಿದೀನಿ, ಇನ್ನೂ ಕಾಯ್ತೀನಿ. ಆ ಒಂದು ಸಾಲು ಮಾತ್ರ ಬರೆಯಲ್ಲ.”

“ಅಬ್ಬಾ, ಏನು ಜಂಬ!”

“ನಿಮ್ಮ ತಾಯೀನೂ ಅದೇ ಪಟ್ಟಿ ಕಟ್ಕೊಂಡಿದಾರಲ್ಲ ಸಾರ್. ನೋವಿಲ್ಲ ಅಂತ ಅವರು ಅಂದ್ರೆ ಈಗಲೇ ಬರೀತೀನಿ. ಕೇಳಿ.”

ಅವನು ಕೇಳಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಮಗನ ತೋಳು ಹಿಡಿದು ಕಷ್ಟಪಟ್ಟು ಎದ್ದ ತಾಯಿ, ಚೀಲದಿಂದ ತಮ್ಮ ಊಟದ ಡಬ್ಬಿ ತೆಗೆದು, ಹುಡುಗಿಯ ಮಡಿಲಲ್ಲಿಟ್ಟು ಒಳಗೆ ನಡೆದರು.