ಎಪ್ಪತ್ತೊಂದು ಅಂಕದ ಪ್ಲೇಯರ್

...ಅಲ್ಲ ಕಣೇ, ಮೊದಲು ಕೂತ್ಕೊ. ಮೌಸ್ ಬಿಡು, ನಾನು ತೋರಿಸ್ತೀನಿ. ಶ್! ಬಾಯಿ ತೆಗೀಬೇಡ. ಒಂದು ತಿಂಗಳು ಪಿಸುಮಾತೂ ಕೂಡದು ಅಂತ ಡಾಕ್ಟರು ಹೇಳಿಲ್ವಾ? ಗಂಟಲಿಗೆ ಕತ್ತರಿ ಆಡಿಸಿ ಇನ್ನೂ ಹನ್ನೊಂದು ದಿನ. ಮನೆಗೆ ಬಂದಿರೋದು ನಿನ್ನೆ. ತಗೋ ಸ್ಲೇಟು, ಅದರಲ್ಲಿ ಬರಿ.

ಏನದು? 'ನನ್ನ ಹಳೇ ಪ್ಲೇಯರ್ ಎಲ್ಲಿ?' ಅದನ್ನ ತೆಗೆದೆ. ನಿಧಾನ ಆಗಿತ್ತು. ತೆರ್ಕೊಳ್ಳೋಷ್ಟರಲ್ಲಿ ಒಬ್ಬ ಮನುಷ್ಯ ಸ್ನಾನ ಮುಗಿಸಿ ಬರಬಹುದಿತ್ತು. ಅದಕ್ಕೇ ಹೊಸದು ಹಾಕಿದೀನಿ.

ನಗಬೇಡ. ನಗೋದಕ್ಕೂ ಇನ್ನೂ ಅನುಮತಿ ಸಿಕ್ಕಿಲ್ಲ.

ಹೌದಮ್ಮ ಹೌದು, ಸಂಗೀತ ಅಂದ್ರೆ ಕಿವಿಗೆ ಹತ್ತಿ ಇಟ್ಕೊಳ್ಳೋನು ನಾನೇ. ಹನ್ನೊಂದು ವರ್ಷದಿಂದ ದಿನಾ ಬೆಳಿಗ್ಗೆ ನೀನು ಇಲ್ಲಿ ಕೂತು ಹಾಡಿ, ರೆಕಾರ್ಡ್ ಮಾಡ್ಕೊಂಡು, ತಪ್ಪೆಲ್ಲಿ ಅಂತ ಮತ್ತೆ ಮತ್ತೆ ಕೇಳಿಸ್ಕೊಳ್ತಿದ್ರೆ, ಬಾಗಿಲು ಎಳ್ಕೊಂಡು ಪೇಪರ್ ಓದೋಕೆ ಹೋಗ್ತಿದ್ದೋನೂ ನಾನೇ. ಒಪ್ಕೊಂಡೆ. ಮನುಷ್ಯ ಬದಲಾಗಬಾರದಾ? ನೀನು ಆಸ್ಪತ್ರೇಲಿ, ಮನೇಲಿ ಹೊತ್ತು ಹೋಗಬೇಡ್ವಾ?

ನಿನ್ನ ತಮ್ಮನಿಗೆ ಫೋನ್ ಮಾಡಿದೆ. ಪೆನ್‌ಡ್ರೈವಲ್ಲಿ ಮೂರು ಪ್ಲೇಯರ್ ತಂದ. "ಭಾವ, ಯಾವುದಾದ್ರೂ ಒಂದು ಹಾಕ್ಕೊಳ್ಳಿ, ಎಲ್ಲಾ ಒಂದೇ" ಅಂದ. ಯಾವುದಾದ್ರೂ ಒಂದಾ! ಇಪ್ಪತ್ತೆರಡು ವರ್ಷ ಅಂಗಡಿ ಅಂಗಡಿ ತಿರುಗಿ, ತಕ್ಕಡಿ ಪರೀಕ್ಷೆ ಮಾಡಿ ಮೊಹರು ಹಾಕಿದೋನಿಗೆ ಹೇಳೋ ಮಾತಾ ಅದು? ಟೀ ಕುಡಿಸಿ ಕಳಿಸಿದೆ.

ತಕ್ಕಡಿ ನೂರಿರಲಿ, ಅದರ ಮೇಲೆ ಇಡೋ ಹಿತ್ತಾಳೆ ತೂಕದ ಬಟ್ಟು ಮಾತ್ರ ಒಂದೇ ಇರಬೇಕು. ಆಗಲೇ ಯಾವುದು ಮೋಸ, ಯಾವುದು ನಿಜ ಅಂತ ಗೊತ್ತಾಗೋದು. ಹಾಗಾಗಿ ಒಂದೇ ಹಾಡು ಇಟ್ಕೊಂಡೆ. ನಿಂದೇ. ನಡುವೆ ಕುಕ್ಕರ್ ಕೂಗುತ್ತಲ್ಲ, ಅದು. ಕುಕ್ಕರ್ ಕೂಗಿದ್ರೂ ನೀನು ನಿಲ್ಲಿಸಿಲ್ಲ, ಅದರ ಶ್ರುತಿಗೇ ಹತ್ತಿ ಅಲ್ಲಿಂದ ಇಳ್ಕೊಂಡು ಬಂದಿದೀಯ. ಗೊತ್ತಾ ನಿನಗೆ? ...ಗೊತ್ತಿಲ್ವಾ? ನಾನು ನಲವತ್ತೇಳು ಸಲ ಕೇಳಿದೀನಿ. ಕೊನೆಕೊನೆಗೆ ಪರೀಕ್ಷೆ ಮರೆತು ಸುಮ್ನೆ ಕೇಳ್ತಾ ಕೂತಿದ್ದೆ. ಇಷ್ಟು ವರ್ಷ ಬಾಗಿಲು ಹಾಕ್ಕೊಂಡು ನಾನು ಓದಿದ್ದಾದ್ರೂ ಏನು ಅಂತ ನನ್ನ ಮೇಲೇ ಸಿಟ್ಟು ಬಂತು.

ಏನು ಬರೀತಿದೀಯ? ಕೈ ತೆಗಿ, ಕಾಣಲ್ಲ. 'ಯಾವಾಗಿಂದ ಹಾಡಬಹುದು?' ಅಯ್ಯೋ, ಮೊದಲು ಗಾಯ ಮಾಯಲಿ! ಗುಟುಕು ನೀರು ಇಳಿಸೋಕೆ ಮುಖ ಕಿವುಚ್ತೀಯ, ಹಾಡಂತೆ. ಗೊತ್ತು, ಪಾಠದ ಮಕ್ಕಳು ಬಂದು ಕೇಳ್ತಿದಾವೆ. ಕೇಳ್ಲಿ ಬಿಡು. ಈ ಕಡೆ ನೋಡು, ಪ್ಲೇಯರ್ ನೋಡು.

ಮೊದಲನೇದು ಬರೀ ಥಳುಕು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಹಾಡು ಶುರುವಾದ್ರೆ ಸಾಕು, ಬಣ್ಣಬಣ್ಣದ ಅಲೆ ಕುಣಿಯುತ್ತೆ. ಅದೂ ಹೋಗ್ಲಿ ಅಂದ್ರೆ, ಸದ್ದಿಲ್ಲದ ಜಾಗನೆಲ್ಲ ಅದೇ ಕತ್ತರಿಸಿ ಹಾಕುತ್ತೆ. ಎರಡನೇ ಸಾಲಿಗೆ ಮುಂಚೆ ನೀನು ಉಸಿರು ಎಳ್ಕೋತೀಯಲ್ಲ, ಅದು ಮಾಯ! ಯಾರು ಹೇಳಿದ್ರು ಅದಕ್ಕೆ, ಅದು ಬೇಡದ ಜಾಗ ಅಂತ? ನಲವತ್ತು ಅಂಕ ಕೊಟ್ಟೆ. ಅದೂ ಕರುಣೆಯಿಂದ.

ಎರಡನೇದು... ಪರವಾಗಿಲ್ಲ. ಬಿಡು ಅದನ್ನ.

ಮೂರನೇದು ಇದು. ಅಲಂಕಾರ ಇಲ್ಲ, ಜಾಹೀರಾತು ಇಲ್ಲ. ಕಬ್ಬಿಣದ ಬೀರು ತೆಗೆದ ಹಾಗೆ ತೆರ್ಕೊಳುತ್ತೆ. ನೀನು ಅಳಿಸದೆ ಉಳಿಸ್ಕೊಂಡ ಮುನ್ನೂರ ಹದಿನಾರು ರೆಕಾರ್ಡಿಂಗೂ ತಾರೀಖಿನ ಪ್ರಕಾರ ಸಾಲಾಗಿವೆ, ಒಂದೂ ಬಿಟ್ಟಿಲ್ಲ. ಇನ್ನೊಂದು ಹಾರ್ಡ್‌ಡಿಸ್ಕಿಗೂ ಹಾಕಿ ಬೀರುವಲ್ಲಿ ಇಟ್ಟಿದೀನಿ. ಪೆನ್‌ಡ್ರೈವಲ್ಲೊಂದು ನಿನ್ನ ತಮ್ಮನ ಮನೇಲಿ. ಯಾಕೆ ಅಂದ್ರೆ? ಸುಮ್ನೆ. ಮನೇಲಿ ಮೂರು ಕಡೆ ಬೀಗದ ಕೈ ಇಟ್ಟಿರಲ್ವಾ?

ಒಂದು ಸಣ್ಣ ದೋಷ ಇದೆ. ಪ್ಲೇ ಒತ್ತಿದ್ರೆ ಮೊದಲನೇ ಅಕ್ಷರ ನುಂಗುತ್ತೆ. ಅದೇನು ಮಹಾ.

ಏನು ಹುಡುಕ್ತಿದೀಯ? ಆ ಮೂಲೇಲಿ ಏನಿಲ್ಲ. ಮೆನುವಲ್ಲೂ ಇಲ್ಲ. ಏನು... ಕೆಂಪು ಬಟನ್ನಾ? ರೆಕಾರ್ಡ್ ಮಾಡೋದು? ಅದು ಇದರಲ್ಲಿ ಬರಲ್ಲ. ಪ್ಲೇಯರ್ ಕೆಲಸ ಪ್ಲೇ ಮಾಡೋದು, ಅಲ್ವಾ? ಇರ್ಲಿ ಬಿಡು. ಹಳೇದು ಬೇಕು ಅಂದ್ರೆ ಸಿಗಲ್ಲ, ಅದರಲ್ಲಿ ವೈರಸ್ ಇತ್ತು ಅಂತ ನಿನ್ನ ತಮ್ಮ ಹೇಳ್ದ. ...ನಿಧಾನ ಅಂತಲೂ ಹೇಳಿದ್ದೆ, ಹೌದು. ನಿಧಾನ, ಅದರ ಜೊತೆಗೆ ವೈರಸ್. ಎರಡೂ ಇರಬಾರದಾ?

ಅದನ್ನ ಯಾಕೆ ತೆಗಿತೀಯ? ಆ ನೋಟ್‌ಬುಕ್ ನಂದು. ಲೇ, ಕೊಡಿಲ್ಲಿ! ಅದರಲ್ಲಿ ಬರೀ ಲೆಕ್ಕಾಚಾರ, ನಿನಗೆ ಅರ್ಥ ಆಗಲ್ಲ... ಎಳೀಬೇಡ, ಹರಿಯುತ್ತೆ. ಸರಿ, ನೋಡ್ಕೊ. ನೋಡ್ಕೊ, ಕುಂಬಳಕಾಯಿ ಕಳ್ಳ ಅಂದ್ರೆ ನಾನ್ಯಾಕೆ ಹೆಗಲು ಮುಟ್ಟಿ ನೋಡ್ಕೊಳ್ಲಿ?

ಹಾಂ. ಮೊದಲನೇದು ನಲವತ್ತು. ಮೂರನೇದು ಎಪ್ಪತ್ತೊಂದು, ಈಗ ಹಾಕಿರೋದು. ಎರಡನೇದು... ತೊಂಬತ್ನಾಲ್ಕು.

ತೊಂಬತ್ನಾಲ್ಕು ಕಣೇ, ಏನೀಗ? ಅದಕ್ಕೆ ಬರಬೇಕಾದ್ದೇ ಅಷ್ಟು! ಅಕ್ಷರ ನುಂಗಲ್ಲ, ಉಸಿರು ಕತ್ತರಿಸಲ್ಲ, ಮೆತ್ತಗಿದ್ದದ್ದು ಮೆತ್ತಗೆ, ಜೋರಿದ್ದದ್ದು ಜೋರು. ಅಂಕ ಕಡಿಮೆ ಬರಿಯೋಣ ಅಂತ ಪೆನ್ನು ಹಿಡ್ಕೊಂಡು ಕೂತಿದ್ದೆ. ಕೈ ಬರಲಿಲ್ಲ. ನನ್ನ ಸರ್ವೀಸಲ್ಲಿ ಒಂದು ಸುಳ್ಳು ಅಂಕಿ ಬರೆದೋನಲ್ಲ ನಾನು.

ಮೋಸದ ತಕ್ಕಡಿಗೆ ಮೊಹರು ಹಾಕಿದೋನೂ ಅಲ್ಲ, ಗೊತ್ತು. ಹಾಗೆ ನೋಡಬೇಡ.

ಬರಿ. ಬಳಪ ಯಾಕೆ ಕೆಳಗಿಟ್ಟೆ? ಎತ್ಕೊ, ಬೈ. 'ಮೂರ್ಖ' ಅಂತ ಬರಿ, ಎರಡೇ ಅಕ್ಷರ. ನಿನ್ನೆಯಿಂದ ಒಂದೇ ಸಮನೆ ಬರೀತಾ ಇದ್ಯಲ್ಲ, ಈಗೇನಾಯ್ತು?

...ಬರಿಯೇ.

...

ಸರಿ. ಎರಡನೇದರಲ್ಲಿ ಆ ಬಟನ್ ಇದೆ. ತೆರೆದ ಕೂಡ್ಲೇ ಮಧ್ಯದಲ್ಲೇ ಕೆಂಪಗೆ ಕಣ್ಣಿಗೆ ಹೊಡೆಯುತ್ತೆ. ಅದನ್ನ ತೆಗೆಯೋಕೆ ಬರುತ್ತಾ ಅಂತ ಎರಡು ದಿನ ಒದ್ದಾಡಿದೆ. ಬರಲಿಲ್ಲ. ತಿಂಗಳು ಮುಗಿದ ದಿನ ನೀನು ಬೆಳಿಗ್ಗೆ ಬೇಗ ಎದ್ದು, ಸ್ನಾನ ಮಾಡಿ, ಇಲ್ಲಿ ಬಂದು ಕೂತು ಅದನ್ನ ಒತ್ತಿ... ನನಗೆ ಅದನ್ನ ನೋಡೋಕಾಗಲ್ಲ ಕಣೇ. ಹೆದರಿಕೆ ಆಯ್ತು.

ಮಾತು ಬರುತ್ತೆ. ಖಂಡಿತ ಬರುತ್ತೆ, ಸ್ವಲ್ಪ ಗೊಗ್ಗರಾಗಿ ಬರುತ್ತೆ, ದಿನಕ್ಕೆ ಎರಡು ಸಲ ನನ್ನ ಬೈಯೋಕೆ ಸಾಕು. ಡಾಕ್ಟರು ಅಷ್ಟು ಹೇಳಿದ್ರು. ನಾನು ಇನ್ನೊಂದನ್ನೂ ಕೇಳಿದೆ. ಅದಕ್ಕೆ ಇಲ್ಲ ಅಂತ ತಲೆ ಆಡಿಸಿದ್ರು.

ಆಪರೇಷನ್ ಆದ ಮೂರನೇ ದಿನ. ನೀನು ಒಳಗೆ ನಿದ್ದೆ ಮಾಡ್ತಿದ್ದೆ. "ನಾನು ಹೇಳ್ಲಾ, ನೀವೇ ಹೇಳ್ತೀರಾ?" ಅಂತ ಡಾಕ್ಟರು ಕೇಳಿದ್ರು. ನಾನೇ ಹೇಳ್ತೀನಿ ಅಂದೆ. ಮನೆಗೆ ಬಂದು ಪ್ಲೇಯರ್ ಹುಡುಕ್ತಾ ಕೂತೆ.